ತರಗುಪೇಟೆಯ ಉದ್ದಿನ ಮೂಟೆ: ಕೆಲವು ಟಿಪ್ಪಣಿಗಳು

ಮಾರ್ಕೆಟ್ಟಿನಲ್ಲಿ ಸೇವಂತಿಗೆ, ಕನಕಾಂಬರ ಕೊಂಡು ಬೆಂಗಳೂರಿನ ತರಗುಪೇಟೆಗೆ ಬಂದಾಗ ಅಂಗಡಿಗಳು ಆಗತಾನೆ ಬಾಗಿಲು ತೆಗೆಯುತ್ತಿದ್ದವು. ಮನೆಯಲ್ಲಿ ಉದ್ದು ಮುಗಿದಿತ್ತು.

"ದೇಸಿ ಕೊಡ್ಲಾ ಸಾರ್, ಬರ್ಮಾ ಕೊಡ್ಲಾ?"

"ಯಾವ್ದು ಚೆನ್ನಾಗಿ ಒದಗುತ್ತೆ ಶೆಟ್ರೇ?"

"ಒಬ್ಬೊಬ್ರು ಒಂದೊಂದು ಹೇಳ್ತಾರೆ. ಬರ್ಮಾ ಮಾಲು ಬರ್ದೇ ಹೋದ್ರೆ ಮಾತ್ರ ರೇಟು ಕೈಗೆ ಸಿಗಲ್ಲ ಸಾರ್."

ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ನನ್ನ ಅಂಗೈಗೆ ಸುರಿದರು. ಸಿಪ್ಪೆ ತೆಗೆಯದ ಕಾಳು. ದೂರದಿಂದ ಬರೀ ಕಪ್ಪು. ಕಣ್ಣ ಹತ್ತಿರ ಹಿಡಿದರೆ ಕೆಲವಕ್ಕೆ ಹಸಿರು ಛಾಯೆ, ಕೆಲವಕ್ಕೆ ಬೂದು ಬಣ್ಣ, ಪ್ರತಿ ಕಾಳಿನ ಪಕ್ಕೆಯಲ್ಲೂ ಸಣ್ಣದೊಂದು ಬಿಳಿ ಗೆರೆ. ಬರ್ಮಾ ಉದ್ದಿನಲ್ಲಿ ಎಸ್‌ಕ್ಯೂ, ಎಫ್‌ಎಕ್ಯೂ ಎಂದು ಎರಡು ದರ್ಜೆ. ಅಲ್ಲಿಂದ ಬರುವ ತೊಗರಿಗೆ ವ್ಯಾಪಾರಿಗಳು ಇಟ್ಟ ಹೆಸರು ಲೆಮನ್. ದೇಶದ ಹೆಸರು 1989ರಲ್ಲೇ ಮ್ಯಾನ್ಮಾರ್ ಆಯಿತು. ಪೇಟೆಯ ಬಾಯಲ್ಲಿ ಇನ್ನೂ ಬರ್ಮಾವೇ.

ಎರಡು ಕೆಜಿ ಕಟ್ಟಿಸಿಕೊಂಡೆ. ಈ ಕಾಳಿನ ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ಬಸ್ಸಿನಲ್ಲಿ ಕೂತ ಮೇಲೆ ಶುರುವಾದ ಗೊಂದಲ ಇನ್ನೂ ಬಿಟ್ಟಿಲ್ಲ.

*

ನೆನಪಿಗೆಂದು ಬರೆದಿಟ್ಟುಕೊಂಡದ್ದು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಬೀದಿಗಿಳಿದ ಹುಡುಗ ಹುಡುಗಿಯರ ಮೇಲೆ ಗುಂಡು ಹಾರಿತು. ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಬಂತು: ಆ ದೇಶಕ್ಕೆ ಶಸ್ತ್ರಾಸ್ತ್ರ ಹೋಗುವುದು ನಿಲ್ಲಲಿ, ಬಂಧಿತರನ್ನು ಬಿಡಲಿ. ಪರವಾಗಿ 119 ದೇಶಗಳು, ವಿರುದ್ಧವಾಗಿ ಬೆಲಾರಸ್ ಒಂದೇ, ತಟಸ್ಥವಾಗಿ 36. ಆ 36ರಲ್ಲಿ ನಾವೂ ಇದ್ದೆವು.

ಅದೇ ಜೂನ್ ತಿಂಗಳಲ್ಲಿ ನಮ್ಮ ಸರ್ಕಾರ ಮ್ಯಾನ್ಮಾರ್‌ನಿಂದ ಬೇಳೆಕಾಳು ತರಿಸುವ ಒಪ್ಪಂದವನ್ನೂ ಪ್ರಕಟಿಸಿತು. 2021-22ರಿಂದ 2025-26ರವರೆಗೆ, ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ.

2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದು. ಹಿಂಸೆ ನಿಲ್ಲಿಸಿ, ಆಂಗ್ ಸಾನ್ ಸೂಕಿ ಮೊದಲಾದ ರಾಜಕೀಯ ಕೈದಿಗಳನ್ನು ಬಿಡಿ ಎನ್ನುವ 2669ನೇ ನಿರ್ಣಯಕ್ಕೆ ಹನ್ನೆರಡು ದೇಶಗಳು ಕೈಯೆತ್ತಿದವು. ತಟಸ್ಥವಾಗಿ ಉಳಿದವು ಮೂರು: ಚೀನಾ, ರಷ್ಯಾ, ಭಾರತ. ಸದ್ದಿಲ್ಲದೆ, ತಾಳ್ಮೆಯಿಂದ ಮಾತಾಡಬೇಕಾದ ವಿಷಯವಿದು ಎಂಬುದು ನಮ್ಮವರ ವಾದ.

ಅಷ್ಟರಲ್ಲಿ ನಾಲ್ವರು ರಾಜಕೀಯ ಕೈದಿಗಳನ್ನು ಗಲ್ಲಿಗೇರಿಸಿ ಐದು ತಿಂಗಳಾಗಿತ್ತು.

*

ಕಾಳಿನ ದುಡ್ಡು ಸೇನೆಗೆ ಹೇಗೆ ಹೋಗುತ್ತದೆ? ಬೆಳೆದವನು ರೈತ, ಮಾರಿದವನು ಖಾಸಗಿ ವ್ಯಾಪಾರಿ. ಸೇನೆಯ ಕೈ ಎಲ್ಲಿ ಬಂತು ಎಂದು ನಾನೂ ಮೊದಲು ಅಂದುಕೊಂಡಿದ್ದೆ.

ಕೈ ಇರುವುದು ಬ್ಯಾಂಕಿನಲ್ಲಿ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು, ರಫ್ತಿನಿಂದ ಬಂದ ಡಾಲರನ್ನು ಸರ್ಕಾರ ಗೊತ್ತು ಮಾಡಿದ ದರಕ್ಕೆ ಕ್ಯಾತ್‌ಗೆ ಬದಲಾಯಿಸಬೇಕೆಂದು ಹುಕುಂ ಹೊರಡಿಸಿತು. ಮುಂದೆ ಆ ದರ ಡಾಲರಿಗೆ 2,100 ಕ್ಯಾತ್ ಆಯಿತು. ಹೊರಗಿನ ಪೇಟೆಯಲ್ಲಿ ಡಾಲರ್ ಅದಕ್ಕಿಂತ ಎಷ್ಟೋ ತುಟ್ಟಿ. ನಡುವಿನ ವ್ಯತ್ಯಾಸದ ನಷ್ಟ ರೈತನಿಗೂ ವ್ಯಾಪಾರಿಗೂ, ಡಾಲರ್ ಸೇನಾ ಸರ್ಕಾರಕ್ಕೆ. ಆ ಡಾಲರಿನಿಂದ ಯುದ್ಧವಿಮಾನದ ಇಂಧನವನ್ನೂ ಕೊಳ್ಳಬಹುದು.

2023ರ ಜೂನ್‌ನಲ್ಲಿ ಅಮೆರಿಕ ಆ ಸರ್ಕಾರದ ಎರಡು ಬ್ಯಾಂಕುಗಳ ಮೇಲೆ ನಿರ್ಬಂಧ ಹಾಕಿತು. ಮರುವರ್ಷ ಜನವರಿಯಲ್ಲಿ ನಾವು ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಬೇಳೆಕಾಳು ಕೊಳ್ಳುವ ದಾರಿ ತೆರೆದೆವು. ಜಗತ್ತು ಒಂದು ಬಾಗಿಲು ಮುಚ್ಚಲು ನೋಡಿದಾಗ ನಾವು ಪಕ್ಕದಲ್ಲೇ ಇನ್ನೊಂದು ತೆಗೆದೆವು. ಇದು ನನಗೆ ಸರಿ ಕಾಣುವುದಿಲ್ಲ.

*

ಹಾಗಾದರೆ ಬರ್ಮಾ ಉದ್ದು ಬಿಡೋಣವೇ?

ಇಲ್ಲಿಯೇ ಸಿಕ್ಕಿಕೊಂಡಿದ್ದೇನೆ. ಅಲ್ಲಿನ ರೈತ ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು ಬಿತ್ತುತ್ತಾನೆ. ಅವನ ಮನೆಯಲ್ಲಿ ದೋಸೆ ಹುಯ್ಯುವುದಿಲ್ಲ. ಆ ಬೆಳೆ ಬಹುಪಾಲು ನಮಗೆಂದೇ ಬೆಳೆದದ್ದು. ನಾವು ಕೈಬಿಟ್ಟರೆ ಮೊದಲು ಮುಳುಗುವವನು ಅವನು, ಜನರಲ್ ಅಲ್ಲ. ಗಡಿಯ ಕಷ್ಟವೂ ಸುಳ್ಳಲ್ಲ. 1,643 ಕಿಲೋಮೀಟರ್ ಗಡಿ, ಆಚೆಯಿಂದ ಮಿಜೋರಾಂಗೆ ಓಡಿಬಂದ ಸಾವಿರಾರು ಕುಟುಂಬಗಳು, ಬೆನ್ನ ಹಿಂದೆ ಚೀನಾ.

ಆದರೂ 1946 ನೆನಪಾಗುತ್ತದೆ. ಸ್ವಾತಂತ್ರ್ಯಕ್ಕೂ ಮುಂಚೆ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ, ವರ್ಣಭೇದದ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ನಮ್ಮದು.

*

ಸೂಕಿ 2012ರ ನವೆಂಬರ್‌ನಲ್ಲಿ ಬೆಂಗಳೂರಿಗೂ ಬಂದಿದ್ದರು. ಅವರೇ 2019ರಲ್ಲಿ ಹೇಗ್‌ನ ನ್ಯಾಯಾಲಯದಲ್ಲಿ ರೋಹಿಂಗ್ಯಾ ವಿಷಯದಲ್ಲಿ ಸೇನೆಯ ಪರ ನಿಂತರು. ಅದನ್ನು ಮರೆಯಲಾರೆ. ನಾನು ಕೇಳುತ್ತಿರುವುದು ಒಬ್ಬ ನಾಯಕಿಯ ಪರವಾಗಿ ಅಲ್ಲ. ರಾಜಕೀಯ ಕೈದಿಗಳ ನೆರವು ಸಂಘದ ಲೆಕ್ಕದಲ್ಲಿ 2021ರಿಂದೀಚೆಗೆ ಸೇನೆಯ ಕೈಯಲ್ಲಿ ಸತ್ತವರು ಆರು ಸಾವಿರಕ್ಕೂ ಹೆಚ್ಚು.

*

ಹೊರಗಿನವರ ಮಾತಿಗೆ ಬೆಲೆ ಇದೆಯೇ? ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ.

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು ಹುಡುಗನಾಗಿ ಬೆಂಗಳೂರಿಗೆ ಬಂದವರು. ತುರ್ತು ಪರಿಸ್ಥಿತಿಯಲ್ಲಿ ಅವರು ಭೂಗತರಾದಾಗ ತಮ್ಮ ಲಾರೆನ್ಸರನ್ನು ಇದೇ ನಗರದಲ್ಲಿ ಹಿಡಿದು ಪೊಲೀಸರು ಮೈ ಮುರಿದರು. ಆಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನು ಎಂಟು ತಿಂಗಳು ಸೆಂಟ್ರಲ್ ಜೈಲಿನಲ್ಲಿಟ್ಟರು. ಪೆರೋಲಿನ ಮೇಲೆ ಹೊರಬಂದ ಐದೇ ದಿನಕ್ಕೆ, 1977ರ ಜನವರಿ 20ರಂದು, ಆಕೆ ತೀರಿಕೊಂಡರು. ಆ ಜೈಲಿದ್ದ ಜಾಗ ಈಗ ಫ್ರೀಡಂ ಪಾರ್ಕ್. ಮಾರ್ಕೆಟ್ಟಿನಿಂದ ನಡೆದೇ ಹೋಗಬಹುದು. ನಮ್ಮಲ್ಲಿದ್ದದ್ದು ಸೇನೆಯ ಆಡಳಿತವಲ್ಲ, ನಿಜ. ಲಾಕಪ್ಪಿನೊಳಗೆ ಬಿದ್ದ ಏಟಿನಲ್ಲಿ ಏನು ವ್ಯತ್ಯಾಸವಿತ್ತೋ ನನಗೆ ತಿಳಿಯದು.

1976ರ ಜೂನ್‌ನಲ್ಲಿ ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದಾಗ ಜರ್ಮನಿಯ ವಿಲಿ ಬ್ರಾಂಟ್, ಸ್ವೀಡನ್ನಿನ ಓಲೋಫ್ ಪಾಮೆ, ಆಸ್ಟ್ರಿಯಾದ ಬ್ರೂನೋ ಕ್ರೈಸ್ಕಿ ಎಂಬ ನಾಯಕರು ಜಾರ್ಜ್ ಜೀವಕ್ಕೆ ಅಪಾಯವಾಗಬಾರದೆಂದು ಇಂದಿರಾ ಗಾಂಧಿಯವರನ್ನು ಕೇಳಿಕೊಂಡರು. ಜಾರ್ಜ್ ಬದುಕಿ ಉಳಿದರು. ಜೈಲಿನಲ್ಲಿದ್ದೇ ಮುಜಫ್ಫರ್‌ಪುರದಿಂದ ಗೆದ್ದರು.

ಮುಂದೆ ದೆಹಲಿಯಲ್ಲಿ, ಕೃಷ್ಣ ಮೆನನ್ ಮಾರ್ಗದ 3ನೇ ನಂಬರಿನ ಮನೆಯಲ್ಲಿ, ಬರ್ಮಾದಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗೆ ಅವರು ಜಾಗ ಕೊಟ್ಟರು. ರಕ್ಷಣಾ ಮಂತ್ರಿಯಾದ ಮೇಲೂ ಅವರನ್ನು ಹೊರಗೆ ಕಳಿಸಲಿಲ್ಲ. ಜಾರ್ಜ್ ಕೊನೆಯವರೆಗೆ ಮಾಡಿಕೊಂಡ ರಾಜಕೀಯ ಸಖ್ಯಗಳನ್ನು ನಾನು ಒಪ್ಪುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಆ ಮನುಷ್ಯನಿಗೆ ಕೈ ಮುಗಿಯುತ್ತೇನೆ.

*

ರಾತ್ರಿ ಉದ್ದು ನೆನೆಹಾಕಿದೆ. ಬೆಳಗ್ಗೆ ಕೈಯಲ್ಲಿ ಉಜ್ಜಿದಾಗ ಸಿಪ್ಪೆ ಬಿಟ್ಟು ಮೇಲೆ ತೇಲಿತು. ಒಳಗಿನ ಬೇಳೆ ಬಿಳುಪಾಗಿತ್ತು. ರುಬ್ಬಿದರೆ ಚೆನ್ನಾಗಿಯೇ ಒದಗಿತು.

ವ್ಯಾಪಾರ ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ಇಷ್ಟು ದೊಡ್ಡ ಗಿರಾಕಿಯ ಮಾತನ್ನು ಆ ಜನರಲ್‌ಗಳು ಕೇಳಲೇಬೇಕಾಗುತ್ತದೆ. ಕಾಳು ಕೊಳ್ಳುವ ಮೇಜಿನಲ್ಲೇ ಕೈದಿಗಳ ಪಟ್ಟಿಯನ್ನೂ ಇಡಿ, ವಿಶ್ವಸಂಸ್ಥೆಯಲ್ಲಿ ಕೈಯೆತ್ತಿ ಎಂದು ನಮ್ಮ ಕ್ಷೇತ್ರದ ಸಂಸದರಿಗೆ ಒಂದು ಪುಟದ ಪತ್ರ ಬರೆದು ಅಂಚೆಗೆ ಹಾಕಿದ್ದೇನೆ. ನಿಮ್ಮ ಮನೆಯ ಹಿಟ್ಟಿನಲ್ಲೂ ಬರ್ಮಾ ಉದ್ದು ಇರಬಹುದು. ದಯವಿಟ್ಟು ನೀವೂ ಒಂದು ಪತ್ರ ಬರೆಯಿರಿ.