ಸಿದ್ದಿ ಎಂಬ ಅಡ್ಡಹೆಸರು

ಮುಂಬಯಿಯಲ್ಲಿ ಹೆಸರು ಹೇಳಿದರೆ ಸಾಲದು, ‘ಆಡನಾವ್’ ಹೇಳಬೇಕು. ನಮ್ಮ ಉತ್ತರ ಕನ್ನಡ, ಧಾರವಾಡದ ಕಡೆ ಅದನ್ನೇ ಅಡ್ಡಹೆಸರು ಅನ್ನುತ್ತೇವೆ. ಹಳೇ ಮೈಸೂರಿನಿಂದ ಬಂದವರು ಇಲ್ಲಿ ಫಾರಂ ತುಂಬುವಾಗ ಪಡುವ ಪಾಡು ನಮಗಿಲ್ಲ. ಅವರ ಇನಿಶಿಯಲ್ ಬಿಡಿಸಿದರೆ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿ ಕೂತುಬಿಡುತ್ತದೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೇ ಸೇರಿತ್ತಲ್ಲ, ಹಾಗಾಗಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಮೂರರ ಸಾಲು ನಮಗೆ ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದಲೇ ರೂಢಿ.

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಆ ಮೂರನೆಯ ಕಾಲಂ ಓದುವುದು ಒಂದು ಚಟವಾಗಿಬಿಡುತ್ತದೆ. ಶೆಟ್ಟಿ, ಪೂಜಾರಿ, ಸಾವಂತ್, ಅನ್ಸಾರಿ... ಅಡ್ಡಹೆಸರು ನೋಡಿ ಊರು ಹೇಳುವುದು, ಊರು ಕೇಳಿ ಅಡ್ಡಹೆಸರು ಊಹಿಸುವುದು ನಮ್ಮ ಊಟದ ಹೊತ್ತಿನ ಆಟ. ಆ ಆಟದಲ್ಲಿ ಇಲ್ಲಿನ ಎಲ್ಲರೂ ಸೋಲುವ ಒಂದು ಅಡ್ಡಹೆಸರು ನನ್ನ ಹತ್ತಿರ ಇದೆ. ಸಿದ್ದಿ.

ಜೋಗೇಶ್ವರಿಯಲ್ಲಿ ಈ ಹೆಸರು ಹೇಳಿ ನೋಡಿ. ಪೂರ್ವಕ್ಕೆ, ಗುಹೆಯ ಕಡೆಯ ಮರಾಠಿ ಮನೆಗಳಲ್ಲಿ ಅದು ಹುಡುಗಿಯ ಹೆಸರು, ಸಿದ್ಧಿವಿನಾಯಕನ ಸಿದ್ಧಿ. ರೈಲ್ವೆ ಹಳಿ ದಾಟಿ ಪಶ್ಚಿಮಕ್ಕೆ, ಬೆಹರಾಮ್ ಬಾಗ್ ಕಡೆ ಹೋದರೆ ಸಿದ್ದೀಕಿ ಎಂದು ತಿದ್ದಿ ಓದುತ್ತಾರೆ. ಸ್ವಲ್ಪ ಇತಿಹಾಸ ಓದಿದ ಮರಾಠಿಯವರಾದರೆ ಹುಬ್ಬು ಗಂಟಿಕ್ಕಿ "ಸಿದ್ದಿ ಜೌಹರ್?" ಅನ್ನುತ್ತಾರೆ. 1660ರಲ್ಲಿ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿ ಶಿವಾಜಿಯನ್ನು ಕಟ್ಟಿಹಾಕಿದ್ದ ಬಿಜಾಪುರದ ಸರದಾರ ಅವನು. ಶಿರಸಿ ಕಡೆಯವನಾದ ನನಗೆ ಮಾತ್ರ ಸಿದ್ದಿ ಅಂದರೆ ಯಲ್ಲಾಪುರದ ಕಾಡು, ಅಡಿಕೆ ಕೊನೆ ಹೊತ್ತು ತೋಟದಿಂದ ಮೇಲೆ ಬರುವ ಗುಂಗುರು ಕೂದಲಿನ ಮನುಷ್ಯ.

ಈ ಶಬ್ದ ಹುಟ್ಟಿದ್ದು ಅರಬ್ಬಿಯಲ್ಲಿ ಎನ್ನುತ್ತಾರೆ. ‘ಸಯ್ಯಿದೀ’ ಅಂದರೆ ‘ನನ್ನ ಒಡೆಯ’, ಬಾಯಲ್ಲಿ ಸವೆದು ‘ಸೀದಿ’. ಸೆರೆಯಾಳು ಎಂಬ ಅರ್ಥದ ಬೇರೊಂದು ಅರಬ್ಬಿ ಶಬ್ದದಿಂದ ಬಂತೆನ್ನುವವರೂ ಇದ್ದಾರೆ. ಆದರೆ ಹೆಚ್ಚಿನವರು ಒಪ್ಪುವುದು ಮೊದಲನೆಯದನ್ನೇ, ನನಗೂ ಅದೇ ಸರಿ ಕಾಣುತ್ತದೆ. ಮೊರಾಕ್ಕೊ, ಅಲ್ಜೀರಿಯಾಗಳಲ್ಲಿ ಇಂದಿಗೂ ಸಂತರ ಹೆಸರಿನ ಮುಂದೆ ‘ಸೀದಿ’ ಇರುತ್ತದೆ. ಸ್ಪೇನಿನ ವೀರ ಎಲ್ ಸಿದ್ ಕೂಡ ಇದೇ ಶಬ್ದದವನು. ಪಶ್ಚಿಮ ಆಫ್ರಿಕಾದ ಮಾರಿಟಾನಿಯಾದಲ್ಲಿ 2007ರಲ್ಲಿ ಅಧ್ಯಕ್ಷರಾದವರ ಹೆಸರೇ ಸೀದಿ. ಅಲ್ಲೆಲ್ಲ ಗೌರವದ ಶಬ್ದ. ಅರಬ್ಬೀ ಸಮುದ್ರ ದಾಟಿ ನಮ್ಮ ಕಡೆ ಬಂದಾಗ ಅದು ಆಫ್ರಿಕಾದಿಂದ ಬಂದವರೆಲ್ಲರಿಗೂ ಅಂಟಿಕೊಂಡಿತು. ಇನ್ನೊಂದು ಹೆಸರು ಹಬ್ಶಿ, ಅಂದರೆ ಅಬಿಸೀನಿಯಾದವನು.

ಬಂದವರೆಲ್ಲ ಆಳುಗಳಾಗಿಯೇ ಉಳಿಯಲಿಲ್ಲ ಎಂಬುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದನಗರದ ರಾಜ್ಯವನ್ನೇ ನಡೆಸಿದ, 1626ರಲ್ಲಿ ಸಾಯುವವರೆಗೂ ಮೊಗಲರಿಗೆ ನಿದ್ದೆ ಕೊಡಲಿಲ್ಲ. ಅಹಮದಾಬಾದಿನ ಕಲ್ಲಿನ ಜಾಲಂದ್ರದ ಮಸೀದಿ ಕಟ್ಟಿಸಿದವನ ಹೆಸರು ಸೀದಿ ಸಯ್ಯದ್. ನಮ್ಮ ಬಿಜಾಪುರದ ದರಬಾರಿನಲ್ಲಿ ಇಖ್ಲಾಸ್ ಖಾನನಂಥ ಹಬ್ಶಿ ಮಂತ್ರಿಗಳಿದ್ದರು. ಮುಂಬಯಿಯಿಂದ ದಕ್ಷಿಣಕ್ಕೆ ಮುರುಡ ಊರಿನ ಎದುರು ಸಮುದ್ರದಲ್ಲಿರುವ ಜಂಜೀರಾ ಕೋಟೆಯನ್ನು ಮರಾಠರು ಎಷ್ಟು ಸಲ ಮುತ್ತಿದರೂ ಗೆಲ್ಲಲಾಗಲಿಲ್ಲ. 1948ರಲ್ಲಿ ಭಾರತಕ್ಕೆ ಸೇರುವವರೆಗೂ ಅದು ಸಿದ್ದಿ ನವಾಬರದು. ಅದೇ ಮನೆತನದ ಒಂದು ಕವಲು ಸೂರತ್ ಹತ್ತಿರ ಆಳಿದ ಸಂಸ್ಥಾನದ ಹೆಸರು ಸಚಿನ್! 1689ರಲ್ಲಿ ಸಿದ್ದಿ ಯಾಕೂತ್ ಖಾನ್ ಮುಂಬಯಿ ದ್ವೀಪಕ್ಕೇ ಇಳಿದು ಮಝಗಾಂವ್ ಹಿಡಿದು ಕೂತಿದ್ದ. ಈಸ್ಟ್ ಇಂಡಿಯಾ ಕಂಪೆನಿ ಔರಂಗಜೇಬನ ಕಾಲು ಹಿಡಿದು ದಂಡ ಕಟ್ಟಿದ ಮೇಲೆ 1690ರಲ್ಲಿ ಜಾಗ ಬಿಟ್ಟ. ದಿನಾ ಹಾರ್ಬರ್ ಲೈನಿನಲ್ಲಿ ಡಾಕ್‌ಯಾರ್ಡ್ ರೋಡ್ ದಾಟುವವರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ.

ಇನ್ನು ಕಾಡಿನ ಸಿದ್ದಿಗಳ ಕಥೆ ಬೇರೆ. ಗೋವೆಯ ಪೋರ್ಚುಗೀಸರು ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ತಂದ ಗುಲಾಮರು ತಪ್ಪಿಸಿಕೊಂಡು, ಕೆಲವರು ಬಿಡುಗಡೆಯಾಗಿ, ಘಟ್ಟ ಹತ್ತಿ ಬಂದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ, ನಮ್ಮ ಶಿರಸಿಯ ಕೆಲವು ಭಾಗ, ಆಚೆ ಕಲಘಟಗಿ, ಖಾನಾಪುರ - ಈ ಅಡ್ಡಹೆಸರು ಹಬ್ಬಿದ ಸೀಮೆ ಇಷ್ಟೇ. ಗುಜರಾತಿನ ಗಿರ್ ಕಾಡಿನಂಚಿನಲ್ಲೂ ಸಿದ್ದಿಗಳಿದ್ದಾರೆ. 2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಎರಡೂ ಕಡೆಯವರ ಜೀನ್ ಪರೀಕ್ಷಿಸಿ, ಮೂಲ ಪೂರ್ವ ಆಫ್ರಿಕಾದ ಬಂಟು ಜನಾಂಗದ್ದೆಂದೂ, ಭಾರತದ ರಕ್ತದ ಜೊತೆ ಚೂರು ಯುರೋಪಿನದೂ ಸೇರಿದೆಯೆಂದೂ ಬರೆದರು. ಚೂರು ಯುರೋಪು ಹೇಗೆ ಸೇರಿತೆಂದು ಬಿಡಿಸಿ ಹೇಳಬೇಕಿಲ್ಲ.

ನನ್ನ ಅಡ್ಡಹೆಸರು ಹೆಗಡೆ. ಹಳೆಯ ಶಾಸನಗಳ ‘ಪೆರ್ಗಡೆ’, ಅಂದರೆ ಊರಿನ ಅಧಿಕಾರಿ, ದೊಡ್ಡವನು. ನಮ್ಮ ತೋಟಕ್ಕೆ ಬರುತ್ತಿದ್ದ ಆಳಿನ ಅಡ್ಡಹೆಸರು ಸಿದ್ದಿ, ಅಂದರೆ ಒಡೆಯ. ಆತ ಅಂಗಳದಲ್ಲಿ ನಿಂತು ಜಗಲಿಯ ಮೇಲಿದ್ದ ನನ್ನ ಅಜ್ಜನನ್ನು ‘ಒಡೆಯಾ’ ಎಂದು ಕರೆಯುತ್ತಿದ್ದ. ಅಜ್ಜ ಅವನನ್ನು ಹೆಸರಿಡಿದು ಕರೆದದ್ದು ನಾನು ಕೇಳಿದ್ದು ಕಡಿಮೆ. "ಏ ಸಿದ್ದಿ, ಇಲ್ಲಿ ಬಾರೋ" ಅಂದರೆ ಮುಗಿಯಿತು. ಎರಡು ಭಾಷೆಯ ಒಂದೇ ಮರ್ಯಾದೆಯ ಮಾತು ಅಂಗಳದ ಆಚೀಚೆ ಹೀಗೆ ಓಡಾಡುತ್ತಿತ್ತು. ಅರ್ಥ ತಿಳಿದ ಮೇಲೆ ಆ ಕೂಗು ನೆನಪಾದಾಗಲೆಲ್ಲ ಒಂಥರಾ ಆಗುತ್ತದೆ.

ಅಡ್ಡಹೆಸರು ಒಂದೇ ಆದರೂ ಅದರ ಹಿಂದಿನ ಹೆಸರುಗಳನ್ನು ನೋಡಬೇಕು ನೀವು. ಯಲ್ಲಾಪುರ, ಅಂಕೋಲೆ ಕಡೆ ಹೆಚ್ಚಿನವರು ಹಿಂದೂಗಳು: ಗಣಪತಿ, ಲಕ್ಷ್ಮಣ, ಪರಶುರಾಮ. ಹಳಿಯಾಳದ ಕಡೆ ಕ್ರಿಶ್ಚಿಯನ್ನರು: ಮಿಂಗೇಲ್, ಜೂಜೆ, ಬಸ್ತ್ಯಾಂವ್. ಪೋರ್ಚುಗೀಸರ ಮಿಗೆಲ್, ಜೋಸೆ, ಸೆಬಾಸ್ತಿಯಾಂವ್ ಕೊಂಕಣಿಯ ಬಾಯಲ್ಲಿ ಹೀಗಾದರು. ಮುಸ್ಲಿಮರಲ್ಲಿ ಇಮಾಮ್, ಹುಸೇನ್. ಮೂರು ಧರ್ಮಕ್ಕೂ ಕೊನೆಯಲ್ಲಿ ಒಂದೇ ಸಿದ್ದಿ. ನಮ್ಮಲ್ಲಿ ಅಡ್ಡಹೆಸರೆಂದರೆ ಜಾತಿ, ಒಳಜಾತಿಗಳ ಬೇಲಿಯೆಂದೇ ಲೆಕ್ಕ. ಇಲ್ಲಿ ನೋಡಿದರೆ ಬೇಲಿಯ ಮೇಲೆ ಹಬ್ಬಿದ ಬಳ್ಳಿಯ ಹಾಗಿದೆ.

ಕೆಲವು ವರ್ಷದ ಹಿಂದಿನ ಮಾತು. ನಾನಾಗ ಇದ್ದ ಶಾಖೆಗೆ ಒಬ್ಬ ಹುಡುಗ ಖಾತೆ ತೆರೆಯಲು ಬಂದ. ಕೌಂಟರಿನವರು ಅವನ ಮುಖ ನೋಡಿದ ಕೂಡಲೇ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್, ವೀಸಾ ಕೇಳಿದರು. ಅವನನ್ನು ನೈಜೀರಿಯಾದವನೆಂದು ತಿಳಿದಿದ್ದರು. ಹುಡುಗ ಆಧಾರ್ ಕೊಟ್ಟ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲಿ ಮಾಡಿಸಿದ್ದು ಎಂದು ಹಿಂದಿಯಲ್ಲಿ ವಿಚಾರಣೆ ಶುರುವಾಯಿತು. ನಾನು ಕ್ಯಾಬಿನ್ನಿನಿಂದ ಎದ್ದು ಹೋಗಿ ಕಾರ್ಡು ನೋಡಿದೆ. ಹಳಿಯಾಳ ತಾಲೂಕು.

"ಯಾವ ಊರಾತು ತಮ್ಮಾ?" ಅಂದೆ.

ಊರು ಹೇಳಿ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, "ಹೆಗಡೇರಾ ಸರ್? ಶಿರಸಿಯವರಾ?" ಅಂದ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಸಡಿಲಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಕಂಪ್ಯೂಟರಿನಲ್ಲಿ ಅವನ ಅಡ್ಡಹೆಸರನ್ನು ಸಿದ್ದೀಕಿ ಎಂದು ಹೊಡೆದಿದ್ದರು, ‘ಬಿಟ್ಟುಹೋಗಿರಬೇಕು’ ಎಂಬ ಉಪಕಾರ ಬುದ್ಧಿಯಿಂದ. ನಾನು ಕೂತು ತಿದ್ದಿಸಿದೆ. ಹುಡುಗ ಮೆಲ್ಲಗೆ, "ಒಂದಕ್ಷರ ಹೆಚ್ಚಾದ್ರೂ ನಮ್ಮ ಸರ್ಟಿಫಿಕೇಟು ನಡೆಯಲ್ಲ ಸರ್" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಕಲಘಟಗಿಯ ಅಳಿಯನಿಗೆ ಇಲ್ಲದ್ದು ಹಳಿಯಾಳದ ಮಾವನಿಗೆ ಇತ್ತು, ನಡುವೆ ಒಂದು ಜಿಲ್ಲೆಯ ಗಡಿ ಅಷ್ಟೇ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ನೌಕರಿ ಎಲ್ಲವೂ ಆ ಎರಡಕ್ಷರದ ಮೇಲೆ ನಿಂತಿರುವಾಗ ಅದಕ್ಕೆ ಬಾಲ ಕಟ್ಟಿದರೆ ಏನಾದೀತು ಹೇಳಿ. ಹೆಗಡೆಯನ್ನು ಹೆಗ್ಡೆ ಎಂದು ಬರೆದರೆ ನನಗೇನೂ ನಷ್ಟವಿಲ್ಲ, ಬರೆಯುತ್ತಲೇ ಇರುತ್ತಾರೆ.

ಈ ಹೆಸರನ್ನು ಹೊರಗಿನವರು ನೆನೆಯುವುದು ಹೆಚ್ಚಾಗಿ ಅವರ ಮೈಕಟ್ಟಿಗಾಗಿ. ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದಾಗ, 1987ರಲ್ಲಿ, ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡುವ ಯೋಜನೆ ಶುರುವಾಯಿತು. ಪದಕಗಳೂ ಬಂದವು, ಆಮೇಲೆ ಕೆಲವೇ ವರ್ಷದಲ್ಲಿ ಅದನ್ನು ನಿಲ್ಲಿಸಿದರು. ಆಫ್ರಿಕಾದ ರಕ್ತ ಅಂದಮೇಲೆ ಓಡಲೇಬೇಕು ಎಂಬ ಲೆಕ್ಕಾಚಾರ ನನಗಂತೂ ಹಿಡಿಸಿಲ್ಲ. ಓದಿ ಮೇಲೆ ಬಂದವರ ಸುದ್ದಿ ಪತ್ರಿಕೆಯಲ್ಲಿ ಬರುವುದೇ ಅಪರೂಪ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಊರಿನಿಂದ ತಮ್ಮ ಫೋನು ಮಾಡಿ ತಿಳಿಸಿದ. "ಸಿದ್ದಿಯವರು" ಎಂದು ಅವನ ಬಾಯಲ್ಲಿ ಬಹುವಚನ ಬಂದದ್ದನ್ನು ನಾನು ಗಮನಿಸಿದೆ.

ಕೊನೆಗೆ ಇನ್ನೊಬ್ಬ ಸೀದಿಯ ಸುದ್ದಿ ಹೇಳಿಬಿಡುತ್ತೇನೆ, ಮುಂಬಯಿಗರಿಗೆ ಇಷ್ಟವಾದೀತು. ಸುಮಾರು 1820ರಲ್ಲಿ ಪೂರ್ವ ಆಫ್ರಿಕಾದಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಸೆರೆಸಿಕ್ಕು, ಗುಲಾಮನಾಗಿ ಪಶ್ಚಿಮ ಭಾರತಕ್ಕೆ ಬಂದವನು. ಯಜಮಾನ ಸತ್ತ ಮೇಲೆ ಬಿಡುಗಡೆಯಾಗಿ ಜಂಜಿಬಾರಿಗೆ ಮರಳಿದ. 1857ರಲ್ಲಿ ನೈಲ್ ನದಿಯ ಮೂಲ ಹುಡುಕಿ ಹೊರಟ ಬರ್ಟನ್, ಸ್ಪೀಕ್ ಎಂಬ ಇಬ್ಬರು ಇಂಗ್ಲಿಷರಿಗೆ ಜೊತೆಯಾದ. ಆಫ್ರಿಕಾದ ನಟ್ಟನಡುವೆ ಅವನೂ ಸ್ಪೀಕನೂ ಮಾತಾಡಿಕೊಳ್ಳುತ್ತಿದ್ದದ್ದು ಹಿಂದೂಸ್ತಾನಿಯಲ್ಲಿ. ಮುಂದೆ ಲಿವಿಂಗ್‌ಸ್ಟನ್ನನನ್ನು ಹುಡುಕಲು ಸ್ಟ್ಯಾನ್ಲಿ ಹೊರಟಾಗಲೂ, ಕ್ಯಾಮರಾನ್ ಖಂಡವನ್ನೇ ದಾಟಿದಾಗಲೂ ಇವನಿದ್ದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಪಿಂಚಣಿ ಕೊಟ್ಟಿತು. 1885ರಲ್ಲಿ ತೀರಿಕೊಂಡ. ಹೆಸರು ಸೀದಿ ಮುಬಾರಕ್. ಅಡ್ಡಹೆಸರಿನ ಜಾಗದಲ್ಲಿ ನಮ್ಮ ಊರು: ಬಾಂಬೆ.