ಕಬ್ಬಿಣದ ಭಿಕ್ಷೆ

ದಕ್ಷಿಣ ಕೊರಿಯಾದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ಅಲ್ಲಿನ ಮಂದಿರವೊಂದಕ್ಕೆ ಹೋಗಿದ್ದ ಸಂಗತಿಯನ್ನು ಹೇಳಿದ. "ಮೇಷ್ಟ್ರೇ, ಒಳಗೆ ವಿಗ್ರಹವೇ ಇಲ್ಲ. ಗೋಡೆಯ ಮೇಲೆ ಒಂದು ವೃತ್ತ ಮಾತ್ರ" ಎಂದು ಅವನಿಗೆ ಅಚ್ಚರಿ. ಅದು ವೊನ್ ಬೌದ್ಧರ ಮಂದಿರ. ೧೯೧೬ರಲ್ಲಿ ಸೊತೇಸಾನ್ ಎಂಬ ಗುರುವಿನಿಂದ ಆರಂಭವಾದ ಪಂಥವದು. ಆ ಗುರು ಮಂದಿರವನ್ನು ಕಟ್ಟುವ ಮೊದಲೇ ೧೯೧೭ರಲ್ಲಿ ಶಿಷ್ಯರಿಂದ ಉಳಿತಾಯ ಸಂಘವನ್ನು ಕಟ್ಟಿಸಿದರು. ಮರುವರ್ಷ ಅವರೊಡನೆ ಸಮುದ್ರದ ಉಬ್ಬರಕ್ಕೆ ಒಡ್ಡು ಹಾಕಲು ಇಳಿದರು. ೧೯೧೯ರಲ್ಲಿ ಆ ಒಡ್ಡು ಮುಗಿದು, ಉಪ್ಪುನೀರಿನ ಕೆಸರು ಸಾಗುವಳಿಯ ಭೂಮಿಯಾಯಿತು.

"ನಮ್ಮ ಸೀಮೆಯಲ್ಲಿ ಇಂಥದ್ದು ಉಂಟೇ ಮೇಷ್ಟ್ರೇ?" ಎಂದು ಅವನು ಕೇಳಿದಾಗ ನಾನು ಕ್ಷಣಕಾಲ ಸುಮ್ಮನಾದೆ. ಉತ್ತರ ಅವನು ಹುಟ್ಟಿದ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇತ್ತು. ಆ ಉತ್ತರದೊಡನೆ, ಇದುವರೆಗೆ ನಾನು ಯಾರಿಗೂ ಹೇಳದ ತಪ್ಪೊಂದೂ ಇತ್ತು.

ಮಂಟೇಸ್ವಾಮಿಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಒಕ್ಕಲು ಅವರನ್ನು 'ಧರೆಗೆ ದೊಡ್ಡವರು' ಎಂದು ಕರೆಯುತ್ತಾರೆ. ನೀಲಗಾರರು ಹಾಡುವ ಕಾವ್ಯದ ಪ್ರಕಾರ, ಅವರು ಕಲ್ಯಾಣಕ್ಕೆ ಹೋದದ್ದು ಮೈಯೆಲ್ಲ ಹುಣ್ಣು ತುಂಬಿದ ರೂಪದಲ್ಲಿ. ಜಂಗಮರಿಗೆ ನಿತ್ಯ ದಾಸೋಹ ನಡೆಯುವ ಆ ಊರಿನಲ್ಲಿ ಈ ರೂಪಕ್ಕೂ ಎಡೆಯುಂಟೇ ಎಂಬುದು ಅವರು ಒಡ್ಡಿದ ಪರೀಕ್ಷೆ. ಆ ಬಳಿಕ ದಕ್ಷಿಣಕ್ಕೆ ಬಂದ ಅವರು ನಮ್ಮ ಬೊಪ್ಪೇಗೌಡನಪುರದಲ್ಲಿ ನೆಲೆಸಿದರು. ಅಲ್ಲಿಯೂ ದರ್ಶನಕ್ಕಿರುವುದು ಗದ್ದುಗೆ. ಪಂಥದ ಗುರುತು ಕಂಡಾಯ.

ಮಠ ಕಟ್ಟಬೇಕು, ಅದಕ್ಕೆ ಕಬ್ಬಿಣ ಬೇಕು. ರಾಜರ ದಾನಶಾಸನದಿಂದ ಆರಂಭವಾಗುವ ದೇವಾಲಯಗಳ ಚರಿತ್ರೆಯನ್ನು ಪಾಠ ಮಾಡಿದವನು ನಾನು. ಈ ಮಠದ ಕಥೆಯಾದರೋ ಭಿಕ್ಷೆಯಿಂದ ಆರಂಭವಾಗುತ್ತದೆ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರಿಗಳ ಮನೆಯ ಕೆಂಪಾಚಾರಿಯನ್ನು ಗುರುಗಳು ಶಿಷ್ಯನನ್ನಾಗಿ ಪಡೆದರು. ಅವನೇ ಮುಂದೆ ಘನನೀಲಿ ಸಿದ್ದಪ್ಪಾಜಿ. ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸಿದರು. ಅವನ ಕುಲದವರೇ ಆದ ಅವರು ಕೊಡಲೊಪ್ಪಲಿಲ್ಲ. ಅವಮಾನಿಸಿದರು, ವಿಷವಿಕ್ಕಿದರು, ಕಾದ ಕಬ್ಬಿಣದ ಪರೀಕ್ಷೆಗೆ ಒಡ್ಡಿದರು. ಎಲ್ಲವನ್ನೂ ಗೆದ್ದು ಅವನು ಕಬ್ಬಿಣ ತಂದ.

ಇನ್ನು ನನ್ನ ತಪ್ಪಿನ ವಿಚಾರ. ೧೯೭೮ರಲ್ಲಿ ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಉಪಾಧ್ಯಾಯನಾಗಿದ್ದೆ. ಆರನೆಯ ತರಗತಿಯ ಹುಡುಗನೊಬ್ಬ ಪುಷ್ಯ ಮಾಸದಲ್ಲಿ ಹತ್ತು ದಿನ ಶಾಲೆಗೆ ಬರಲಿಲ್ಲ. ಬಂದಾಗ ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಜೋಳಿಗೆ. ತಂದೆ ನೀಲಗಾರ, ಅವನೊಡನೆ ಊರೂರು ತಿರುಗಿ ಚಿಕ್ಕಲ್ಲೂರು ಜಾತ್ರೆ ಮುಗಿಸಿ ಬಂದೆನೆಂದ. "ಭಿಕ್ಷೆ ಬೇಡುವುದಕ್ಕೆ ಶಾಲೆ ಬಿಟ್ಟೆಯಾ?" ಎಂದು ಗದರಿ, ಸಂಜೆಯವರೆಗೆ ಅವನನ್ನು ಹೊರಗೆ ಜಗಲಿಯ ಮೇಲೆ ನಿಲ್ಲಿಸಿದೆ. ಉಳಿದ ಮಕ್ಕಳು ನಕ್ಕರು. ನಾನು ತಡೆಯಲಿಲ್ಲ.

ಮರುದಿನ ಆ ತಂದೆ ತಂಬೂರಿ ಹಿಡಿದು ಬಂದ. ಜಗಲಿಯನ್ನು ಹತ್ತದೆ ಅಂಗಳದಲ್ಲಿಯೇ ನಿಂತು ಹೇಳಿದ: "ಮೇಷ್ಟ್ರೇ, ಕಬ್ಣ ಕೇಳಕ್ಕೋದ ನಮ್ಮಪ್ಪಾಜಿಯೋರ್ನ ಹಲಗೂರ್ನೋರು ಬಾಗ್ಲಲ್ಲೇ ನಿಲ್ಸುದ್ರು. ನೀವು ನನ್ನ ಮಗುನ್ನ ನಿಲ್ಸಿದ್ದೀರಿ. ಅವ್ನೂ ಕೇಳಕ್ ಬಂದೋನೇ ಅಲ್ವಾ ಸೋಮಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನನ್ನು ಒಳಗೆ ಕರೆದು ಕೂರಿಸಿದೆ. ಆದರೆ ತಪ್ಪಾಯಿತೆಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮರುವರ್ಷ ಆ ತಂದೆಯ ಕರೆಯ ಮೇರೆಗೆ, ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಚಿಕ್ಕಲ್ಲೂರಿಗೆ ಹೋದೆ. ಅದು ಸಿದ್ದಪ್ಪಾಜಿಯ ಗದ್ದುಗೆಯಿರುವ ಸ್ಥಳ. ಪುಷ್ಯ ಮಾಸದ ಹುಣ್ಣಿಮೆಯ ರಾತ್ರಿ ಬೊಪ್ಪೇಗೌಡನಪುರದ ಮಠಾಧಿಪತಿಗಳು ಬಂದು ಚಂದ್ರಮಂಡಲವನ್ನು ಹೊತ್ತಿಸುತ್ತಾರೆ. ಉರಿ ವಾಲುವ ದಿಕ್ಕನ್ನು ನೋಡಿ ರೈತರು ಆ ಸೀಮೆಯ ಬೆಳೆಯನ್ನು ಊಹಿಸುತ್ತಾರೆ. ಐದು ದಿನಗಳ ಜಾತ್ರೆಯ ನಾಲ್ಕನೆಯ ದಿನ ಪಂಕ್ತಿಸೇವೆ. ಬಯಲಿನಲ್ಲಿ ಒಲೆ ಹೂಡಿ ಮಾಂಸದಡುಗೆ ಮಾಡಿ, ಜಾತಿಯ ಲೆಕ್ಕವಿಲ್ಲದೆ ಸಾಲಾಗಿ ಕುಳಿತು ಉಣ್ಣುವುದೇ ಅಲ್ಲಿನ ಪೂಜೆ. ಈಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಕಾರಣದಿಂದ ಈ ಸೇವೆ ವಿವಾದಕ್ಕೆ ಒಳಗಾಯಿತು. ಇದು ಬಲಿಯಲ್ಲ, ಸಹಭೋಜನವೆಂಬುದು ಒಕ್ಕಲಿನವರ ವಾದ.

ಅಂದು ನನಗೂ ಎಲೆ ಹಾಕಿದರು. ನಮ್ಮ ಮನೆಯ ಆಚಾರವನ್ನು ತಿಳಿದಿದ್ದ ಆ ತಾಯಿ, ನನಗೆಂದೇ ಬೇರೆ ಮಡಕೆಯಲ್ಲಿ ಅನ್ನ, ಅವರೆಕಾಳಿನ ಸಾರು ಮಾಡಿದ್ದರು. ಆದರೂ ನಾನು "ಇಂದು ನನಗೆ ಉಪವಾಸ" ಎಂದು ಸುಳ್ಳು ಹೇಳಿ ಎದ್ದೆ. ಪಕ್ಕದಲ್ಲಿ ಕುಳಿತಿದ್ದ ಹುಡುಗ ನನ್ನ ಮುಖವನ್ನು ನೋಡಿ ತಲೆ ತಗ್ಗಿಸಿದ. ಜಗಲಿಯ ಮೇಲೆ ನಿಲ್ಲಿಸಿದಾಗಲೂ ಅವನು ಹಾಗೆ ತಲೆ ತಗ್ಗಿಸಿರಲಿಲ್ಲ.

ಏಳನೆಯ ತರಗತಿ ತೇರ್ಗಡೆಯಾದ ಮೇಲೆ ಅವನು ಪ್ರೌಢಶಾಲೆಗೆ ಸೇರಲಿಲ್ಲ. ಅಷ್ಟರಲ್ಲಿ ನನಗೆ ಮದ್ದೂರಿನ ಕಡೆಗೆ ವರ್ಗವಾಯಿತು. ಅಲ್ಲಿದ್ದಷ್ಟು ಕಾಲವೂ ಬಸ್ಸು ನಿಡಘಟ್ಟವನ್ನು ಹಾದುಹೋಗುವಾಗ ಅವನ ನೆನಪಾಗುತ್ತಿತ್ತು. ಹುಡುಕಿಕೊಂಡು ಹೋಗಲಿಲ್ಲ.

ನಿವೃತ್ತನಾಗಿ ಮಂಡ್ಯದಲ್ಲಿ ಕುಳಿತಿರುವ ನನಗೆ ಈಗ ಒಂದು ವಿಷಯ ಸ್ಪಷ್ಟವಾಗಿದೆ. ಸೊತೇಸಾನರು ಒಡ್ಡು ಹಾಕಿದ್ದೂ ಸಿದ್ದಪ್ಪಾಜಿ ಕಬ್ಬಿಣ ಬೇಡಿದ್ದೂ ದೇವರಿಗೊಂದು ಮನೆ ಬೇಕೆಂದಲ್ಲ. ಹೊರಗೆ ನಿಂತವರಿಗೆ ಕೂರಲು ಒಂದು ಸಾಲು ಬೇಕಾಗಿತ್ತು. ಶಾಲೆಯನ್ನು ಕಟ್ಟಿದ್ದೂ ಅದಕ್ಕೇ. ನಾನು ಎರಡು ಕಡೆಯೂ ಆ ಸಾಲನ್ನು ಮುರಿದೆ.

ಕೊರಿಯಾದ ಶಿಷ್ಯನಿಗೆ ಈ ಬರಹವೇ ಉತ್ತರ. ಆ ಹುಡುಗನೊಡನೆ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನೆಲ್ಲಿದ್ದಾನೆಂದು ದಯವಿಟ್ಟು ನನಗೆ ತಿಳಿಸಿ. ಅವನನ್ನು ಇಲ್ಲಿಗೆ ಕರೆತರುವುದು ಬೇಡ. ನಾನೇ ಅವನ ಮನೆಗೆ ಹೋಗಿ, ಅವರು ಹಾಕಿದ ಎಲೆಯ ಮುಂದೆ ಕೂರಬೇಕಾಗಿದೆ.