ಸಾಯಲೊಲ್ಲದ ಕೋಶ

1977. ಅಮೆರಿಕದ ಬಫಲೊ ನಗರ. ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಯೊಬ್ಬರ ಕೊರಳ ಬುಡದ ದುಗ್ಧಗ್ರಂಥಿಗೆ ಸೂಜಿ ಇಳಿಯುತ್ತದೆ, ಒಂದಿಷ್ಟು ಕೋಶಗಳು ಮೇಲೆ ಬರುತ್ತವೆ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ. ಅಲ್ಲೆಲ್ಲಿ, ಇಲ್ಲೆಲ್ಲಿ! ರೋಸ್‌ವೆಲ್ ಪಾರ್ಕ್ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋದರೂ ಆ ಕೋಶಗಳು ಸಾಯಲಿಲ್ಲ. ಎಲ್‌ಎನ್‌ಕ್ಯಾಪ್ ಎಂಬ ಹೆಸರಿನ ಆ ಸಂತತಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಈ ಗಾಥೆಯ ನಾಯಕ ಅದೇ. ನಮ್ಮ ಪಕ್ಷದವನಲ್ಲ, ಅಷ್ಟೇ.

ನೆಲೆ ತಪ್ಪಿದ ಕೋಶ ತಾನಾಗಿ ಸಾಯಬೇಕು, ಅದು ದೇಹದ ಕಟ್ಟಳೆ. ಸಾವಿನ ದೂತ ಬ್ಯಾಡ್ ಎಂಬ ಪ್ರೋಟೀನು ಹೊರಟೇ ಬಿಟ್ಟಿತು! ಅಷ್ಟರಲ್ಲಿ ಕೋಶದ ಪೊರೆಯ ಒಳಮೈಯಲ್ಲಿ ಪಿಐ3ಕೆ ಕಿಣ್ವ ಕೊಬ್ಬಿನ ಅಣುವೊಂದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಕಂಡದ್ದೇ ತಡ, ಎಕೆಟಿ ಎಂಬ ಇನ್ನೊಂದು ಕಿಣ್ವ ಓಡಿಬಂದು ಎಚ್ಚೆತ್ತು, ಬ್ಯಾಡ್‌ನ ಮೈಗೂ ಫಾಸ್ಫೇಟ್ ಜಡಿದು ಬಾಯಿ ಮುಚ್ಚಿಸುತ್ತದೆ. ಆ ಗುರುತನ್ನು ಕಿತ್ತುಹಾಕಿ ಎಕೆಟಿಯನ್ನು ಮಲಗಿಸಬೇಕಾದ ಕಾವಲುಗಾರ ಪಿಟೆನ್. ಈ ಕೋಶದಲ್ಲಿ ಅವನೇ ಇಲ್ಲ!

ಹಾಗಾದರೆ ಅದನ್ನು ಬೆಳೆಸುವ ಹಾರ್ಮೋನನ್ನೇ ತಪ್ಪಿಸಿ ಹಸಿವಿನಿಂದ ಕೊಲ್ಲೋಣ. ವೃಷಣ ತೆಗೆದು ಟೆಸ್ಟೋಸ್ಟೆರಾನ್ ಇಳಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ನೊಬೆಲ್ ಬಂತು. ಕ್ಯಾನ್ಸರೂ ಮರಳಿ ಬಂತು. ನಮ್ಮ ನಾಯಕನ ಹಾರ್ಮೋನ್ ಗ್ರಾಹಕದಲ್ಲಿ, ಅಂದರೆ ಟೆಸ್ಟೋಸ್ಟೆರಾನ್ ಕೀಲಿ ಕೂರುವ ಬೀಗದಲ್ಲಿ, ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ಬೀಗ ಸಡಿಲಾಯಿತು, ಸಿಕ್ಕಿದ ಕೀಲಿಗೆಲ್ಲ ತೆರೆಯುತ್ತದೆ: ಈಸ್ಟ್ರೋಜನ್, ಪ್ರೊಜೆಸ್ಟರಾನ್, ಕೊನೆಗೆ ಗ್ರಾಹಕವನ್ನು ಮುಚ್ಚಲೆಂದೇ ಕೊಟ್ಟ ಫ್ಲುಟಮೈಡ್ ಕೂಡ. ಕೊಲ್ಲಲು ಕಳಿಸಿದ ವಿಷವನ್ನೇ ಉಂಡು ಕೊಬ್ಬುವುದೆಂದರೆ! ವೈರಿಯಾದರೂ ಭಲೇ ಅನ್ನಬೇಕು.

ಈಗ ಎಕೆಟಿಯ ದಾರಿಯನ್ನೇ ಕಟ್ಟಿದರೆ? ಹಾರ್ಮೋನ್ ಗ್ರಾಹಕ ಇನ್ನಷ್ಟು ಚುರುಕಾಗುತ್ತದೆ. ಗ್ರಾಹಕವನ್ನು ಅದುಮಿದರೆ? ಎಕೆಟಿಗೆ ಮೂಗುದಾರ ಹಾಕುತ್ತಿದ್ದ ಪಿಎಚ್‌ಎಲ್‌ಪಿಪಿ ಎಂಬ ಕಿಣ್ವ ಕರಗುತ್ತದೆ, ಎಕೆಟಿ ಕೆರಳುತ್ತದೆ. ಒಂದು ಬಾಗಿಲು ಮುಚ್ಚಿದ ಶಬ್ದಕ್ಕೇ ಇನ್ನೊಂದು ತೆರೆಯುತ್ತದೆ. ನ್ಯೂಯಾರ್ಕಿನ ಸಂಶೋಧಕರು 2011ರಲ್ಲಿ, ಪಿಟೆನ್ ಕಳೆದುಕೊಂಡ ಇಲಿಗಳ ಮೇಲೆ, ಎರಡೂ ದಾರಿಗಳನ್ನು ಒಟ್ಟಿಗೇ ಕಟ್ಟಿ ನೋಡಿದರು. ಗೆಡ್ಡೆಗಳು ಗಣನೀಯವಾಗಿ ಕುಗ್ಗಿದವು.

ಮನುಷ್ಯರಲ್ಲಿ ಅಷ್ಟು ಸಲೀಸಲ್ಲ. ಇನ್ಸುಲಿನ್ ಸಂದೇಶ ಸಾಗುವುದೂ ಎಕೆಟಿಯ ಮೂಲಕವೇ. ಅದನ್ನು ತಡೆಯುವ ಮಾತ್ರೆ ನುಂಗಿದವರಿಗೆ ರಕ್ತದ ಸಕ್ಕರೆ ಏರಬಹುದು, ಭೇದಿಯಾಗಬಹುದು, ಮೈಮೇಲೆ ದದ್ದು ಏಳಬಹುದು. ಕೋಶ ಅಡಗಿ ಕೂತದ್ದು ನಮ್ಮದೇ ದೇಹದ ರಾಜಬೀದಿಯಲ್ಲಿ. ಅದನ್ನು ಪೂರ್ತಿ ಬಂದ್ ಮಾಡಿದರೆ ನಾವೂ ಓಡಾಡುವಂತಿಲ್ಲ.